ಮಿತಿಯೊಳಗೇ ಇದ್ದ ಆಯಿಲ್: ‘ವೈಕಿಂಗ್ ಸ್ಕೈ’ ಹಡಗಿನ ಎಂಜಿನ್‌ಗಳು ಒಟ್ಟಿಗೆ ನಿಂತ ಪ್ರಕರಣ

2019ರ ಮಾರ್ಚ್ 23, ಶನಿವಾರ ಮಧ್ಯಾಹ್ನ 1 ಗಂಟೆ 58 ನಿಮಿಷ. ನಾರ್ವೆಯ ಪಶ್ಚಿಮ ಕರಾವಳಿಯ ಹುಸ್ತಾದ್‌ವಿಕಾ ಎಂಬಲ್ಲಿ ‘ವೈಕಿಂಗ್ ಸ್ಕೈ’ ಎಂಬ ಕ್ರೂಸ್ ಹಡಗಿನ ಕರೆಂಟ್ ಪೂರ್ತಿ ಹೋಯಿತು. ಕರೆಂಟ್ ಜೊತೆಗೆ ಹಡಗನ್ನು ಮುಂದಕ್ಕೆ ತಳ್ಳುವ ಶಕ್ತಿಯೂ ಹೋಯಿತು. ಹಡಗಿನಲ್ಲಿದ್ದವರು 1,373 ಜನ: 915 ಪ್ರಯಾಣಿಕರು, 458 ಸಿಬ್ಬಂದಿ. ಹೊರಗೆ ಬಿರುಗಾಳಿ, ಒಂಬತ್ತು ಹತ್ತು ಮೀಟರ್ ಎತ್ತರದ ಅಲೆಗಳು. ಹುಸ್ತಾದ್‌ವಿಕಾ ಮೊದಲೇ ಕೆಟ್ಟ ಹೆಸರಿನ ಜಾಗ. ನೀರು ಆಳವಿಲ್ಲ, ಎಲ್ಲಿ ನೋಡಿದರೂ ಬಂಡೆ, ಅಡ್ಡ ನಿಂತು ಗಾಳಿ ತಡೆಯುವ ದ್ವೀಪಗಳಿಲ್ಲ. ಕ್ಯಾಪ್ಟನ್ ಮೇಡೇ, ಅಂದರೆ ಪ್ರಾಣಾಪಾಯದ ಕರೆ ಕೊಟ್ಟರು. ಎರಡೂ ಲಂಗರು ಇಳಿಸಿದರು. ಲಂಗರು ನೆಲ ಹಿಡಿಯಲಿಲ್ಲ. ಹಡಗು ಆರೇಳು ನಾಟ್ ವೇಗದಲ್ಲಿ ದಡದ ಕಡೆಗೆ ಹಿಂದಕ್ಕೆ ಸರಿಯತೊಡಗಿತು.

ಈ ಹಡಗು ಹಳೇ ಗುಜರಿ ಅಲ್ಲ. ಇಟಲಿಯ ಅಂಕೋನಾದಲ್ಲಿ ಫಿನ್‌ಕಾಂಟಿಯೇರಿ ಯಾರ್ಡ್ ಕಟ್ಟಿ 2017ರಲ್ಲಿ ಕೊಟ್ಟಿದ್ದು. ಅಂದರೆ ಆಗಿನ್ನೂ ಎರಡು ವರ್ಷದ ಹಡಗು. ಉದ್ದ 228 ಮೀಟರ್. ಚಳಿಗಾಲದಲ್ಲಿ ನಮ್ಮ ಮಂಗಳೂರಿನ ಪಣಂಬೂರು ಬಂದರಿಗೆ ಕ್ರೂಸ್ ಹಡಗುಗಳು ಬರುತ್ತವಲ್ಲ, ಆ ಜಾತಿಯದೇ. ಎಂಜಿನ್‌ಗಳು ಜರ್ಮನಿಯ ಮ್ಯಾನ್ ಕಂಪನಿಯವು. ಹಡಗು ನಿಯಮದಂತಿದೆ ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಸಂಸ್ಥೆಗೆ ‘ಕ್ಲಾಸ್’ ಅನ್ನುತ್ತಾರೆ; ಆ ಕ್ಲಾಸ್ ಸರ್ಟಿಫಿಕೇಟ್ ಇತ್ತು, ಧ್ವಜ ನಾರ್ವೆಯದು. ಕಾಗದದ ಮೇಲೆ ಬೆರಳಿಟ್ಟು ತೋರಿಸುವ ತಪ್ಪು ಯಾವುದೂ ಇರಲಿಲ್ಲ.

ಈ ಪ್ರಕರಣ ನನಗೆ ಮುಖ್ಯ ಅನ್ನಿಸುವುದು ಒಂದೇ ಕಾರಣಕ್ಕೆ. ಹಡಗನ್ನು ನಿಲ್ಲಿಸಿದ್ದು ಮುರಿದ ಭಾಗವಲ್ಲ. ಶಾಫ್ಟ್ ತುಂಡಾಗಲಿಲ್ಲ, ಬೇರಿಂಗ್ ಸುಡಲಿಲ್ಲ, ಬೆಂಕಿ ಬೀಳಲಿಲ್ಲ. ಓಡುತ್ತಿದ್ದ ಮೂರು ಎಂಜಿನ್‌ಗಳೂ ಸುಸ್ಥಿತಿಯಲ್ಲಿದ್ದವು. ತಮ್ಮ ಜೀವ ಉಳಿಸಿಕೊಳ್ಳಲು ತಾವೇ ನಿಂತವು. ಕಾರಣ, ಅವುಗಳ ಕೆಳಗಿನ ಟ್ಯಾಂಕ್‌ಗಳಲ್ಲಿ ಲೂಬ್ ಆಯಿಲ್, ಅಂದರೆ ಭಾಗಗಳು ಉಜ್ಜಿ ಸವೆಯದಂತೆ ಕಾಯುವ ಎಣ್ಣೆ, ಕಡಿಮೆ ಇತ್ತು.

ಘಟನೆಯಾದ ನಾಲ್ಕನೇ ದಿನ ನಾರ್ವೆಯ ಸಮುದ್ರಯಾನ ಪ್ರಾಧಿಕಾರ ಒಂದು ಎಚ್ಚರಿಕೆ ಹೊರಡಿಸಿತು. ಅದರಲ್ಲಿದ್ದ ಮಾತು ಇಷ್ಟು: ಆಯಿಲ್ ಮಟ್ಟ ನಿಗದಿತ ಮಿತಿಯೊಳಗೇ ಇತ್ತು, ಆದರೆ ಕಡಿಮೆ ಎನ್ನುವಂತಿತ್ತು. ಮಿತಿಯೊಳಗೂ ಇದೆ, ಕಡಿಮೆಯೂ ಇದೆ! ಹಾಗಾದರೆ ಆ ಮಿತಿ ಯಾರು ಹಾಕಿದ್ದು, ಯಾವ ಸಮುದ್ರಕ್ಕೆ ಹಾಕಿದ್ದು? ಇಡೀ ಪ್ರಕರಣ ಇರುವುದು ಈ ಪ್ರಶ್ನೆಯಲ್ಲೇ.

ಮೊದಲು ಹಡಗಿನ ಏರ್ಪಾಡು ನೋಡೋಣ. ವೈಕಿಂಗ್ ಸ್ಕೈ ಡೀಸೆಲ್-ಎಲೆಕ್ಟ್ರಿಕ್ ಹಡಗು. ಪ್ರೊಪೆಲ್ಲರ್ ತಿರುಗಿಸಲು ಬೇರೆ ಮೇನ್ ಎಂಜಿನ್ ಅಂತ ಇಲ್ಲ. ನಾಲ್ಕು ಡೀಸೆಲ್ ಜನರೇಟರ್‌ಗಳಿವೆ, ಎರಡು ದೊಡ್ಡವು, ಎರಡು ಸ್ವಲ್ಪ ಚಿಕ್ಕವು. ಹಡಗಿನವರ ಭಾಷೆಯಲ್ಲಿ ಡಿಜಿ 1, 2, 3, 4. ಇವು ಕರೆಂಟ್ ಮಾಡುತ್ತವೆ. ಆ ಕರೆಂಟಿನಿಂದಲೇ ಎರಡು ದೊಡ್ಡ ಮೋಟರ್‌ಗಳು ಪ್ರೊಪೆಲ್ಲರ್ ತಿರುಗಿಸುತ್ತವೆ. ಅಡುಗೆಮನೆ, ಲಿಫ್ಟ್, ಎಸಿ, ಚುಕ್ಕಾಣಿಯ ಪಂಪ್, ಎಲ್ಲಕ್ಕೂ ಅದೇ ಕರೆಂಟ್. ಇದರಲ್ಲಿ ಲಾಭ ಜಾಸ್ತಿ. ಬೇಕಾದಷ್ಟೇ ಎಂಜಿನ್ ಓಡಿಸಬಹುದು, ಉಳಿದವನ್ನು ಸರ್ವಿಸ್‌ಗೆ ಬಿಚ್ಚಬಹುದು. ಒಂದು ಕೆಟ್ಟರೆ ಇನ್ನೊಂದಿದೆ. ಆದರೆ ಎಲ್ಲಾ ಎಂಜಿನ್‌ಗಳಿಗೂ ಒಂದೇ ಬಗೆಯ ತೊಂದರೆ ಒಂದೇ ಹೊತ್ತಿಗೆ ಬಂದರೆ ನಾಲ್ಕಿದ್ದರೂ ಒಂದೇ, ಒಂದಿದ್ದರೂ ಒಂದೇ.

ಪ್ರತಿ ಎಂಜಿನ್‌ಗೂ ಕೆಳಗೆ ಅದರದೇ ಆದ ಆಯಿಲ್ ಟ್ಯಾಂಕ್, ಅಂದರೆ ಸಂಪ್ ಇರುತ್ತದೆ. ಸಂಪ್‌ನ ತಳದ ಹತ್ತಿರ ಸಕ್ಷನ್ ಪೈಪಿನ ಬಾಯಿ. ಪಂಪ್ ಅಲ್ಲಿಂದ ಆಯಿಲ್ ಎಳೆದು ಬೇರಿಂಗ್‌ಗಳಿಗೆ ಕಳಿಸುತ್ತದೆ, ಆಯಿಲ್ ಇಳಿದು ಮತ್ತೆ ಸಂಪ್‌ಗೆ ಬರುತ್ತದೆ. ಹಡಗು ನೆಟ್ಟಗೆ ನಿಂತಿದ್ದರೆ ಅರ್ಧಕ್ಕಿಂತ ಕಡಿಮೆ ಆಯಿಲ್ ಇದ್ದರೂ ಪೈಪಿನ ಬಾಯಿ ಮುಳುಗಿಯೇ ಇರುತ್ತದೆ. ಹಡಗು ವಾಲಿದಾಗ ಆಯಿಲ್ ಒಂದು ಮೂಲೆಗೆ ಓಡುತ್ತದೆ. ಬಾಯಿ ಬಯಲಾಗುತ್ತದೆ. ಪಂಪ್ ಗಾಳಿ ಎಳೆಯುತ್ತದೆ. ಒತ್ತಡ ಬೀಳುತ್ತದೆ. ಒತ್ತಡ ಬಿದ್ದ ಎಂಜಿನ್ ಸ್ವಲ್ಪ ಹೊತ್ತು ಓಡಿದರೂ ಬೇರಿಂಗ್ ಸುಟ್ಟು ಹೋಗುತ್ತದೆ, ಹಾಗಾಗಿ ಸೇಫ್ಟಿ ಸಿಸ್ಟಮ್ ಅದನ್ನು ಟ್ರಿಪ್ ಮಾಡುತ್ತದೆ, ಅಂದರೆ ತಾನೇ ನಿಲ್ಲಿಸುತ್ತದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಆಯಿಲ್ ಕಡಿಮೆ ಇರುವ ಲಾರಿಯ ಕೆಂಪು ದೀಪ ಒಮ್ಮೆ ಹತ್ತಿ ಆರುತ್ತದಲ್ಲ, ಅದೇ ಕಥೆ. ಡ್ರೈವರ್ ‘ತಿರುವಿನಲ್ಲಿ ಹಂಗೇ ಬರ್ತದೆ ಬಿಡು’ ಅಂದುಕೊಳ್ಳುತ್ತಾನೆ, ನೆಟ್ಟಗಿನ ರಸ್ತೆಗೆ ಬಂದಾಗ ದೀಪ ಆರಿರುತ್ತದೆ.

ನಾರ್ವೆಯ ತನಿಖಾ ಸಂಸ್ಥೆ ಆ ದಿನದ ಮಟ್ಟ ಎಷ್ಟಿತ್ತು ಅಂತ ನೋಡಿತು. ಓಡುತ್ತಿದ್ದ ಮೂರೂ ಜನರೇಟರ್‌ಗಳ ಸಂಪ್‌ಗಳು ಶೇಕಡಾ 28ರಿಂದ 40ರಷ್ಟು ಮಾತ್ರ ತುಂಬಿದ್ದವು. ಎಂಜಿನ್ ತಯಾರಕರು ಹೇಳಿದ್ದು ಶೇಕಡಾ 68ರಿಂದ 75. ಇರಬೇಕಾದ್ದರ ಅರ್ಧದ ಆಸುಪಾಸಿನಲ್ಲಿ ಹಡಗು ಓಡುತ್ತಿತ್ತು. ಅದೂ ಆ ಒಂದು ದಿನದ ಮರೆವಲ್ಲ. ಒಂದು ಸಂಪ್ ಖಾಲಿಯಾಗಿದ್ದರೆ ಸೋರಿಕೆ ಅನ್ನಬಹುದು. ಮೂರಕ್ಕೆ ಮೂರೂ ಹಾಗೇ ಇದ್ದರೆ ಅದು ರೂಢಿ. ಎಷ್ಟು ಮಟ್ಟ ಕಾಯ್ದುಕೊಳ್ಳಬೇಕು ಎಂಬ ಸ್ಪಷ್ಟ ಸೂಚನೆ ಹಡಗಿನ ಕೆಲಸದ ಪದ್ಧತಿಯಲ್ಲಿ ಇರಲೇ ಇಲ್ಲ. ಸೂಚನೆ ಇಲ್ಲದ ಕಡೆ ಹಿಂದಿನವರು ಇಟ್ಟ ಮಟ್ಟವೇ ಸರಿಯಾದ ಮಟ್ಟ ಆಗಿಬಿಡುತ್ತದೆ. ಹೊಸಬ ಬಂದು ಸಹಿ ಹಾಕಿ ಅದನ್ನೇ ಮುಂದುವರಿಸುತ್ತಾನೆ.

ಇಲ್ಲಿ ಎಂಜಿನ್ ರೂಮ್ ಹುಡುಗರನ್ನು ಬೈದು ಮುಗಿಸುವುದು ಸುಲಭ. ತನಿಖೆ ಹಾಗೆ ಮಾಡಲಿಲ್ಲ. 2024ರಲ್ಲಿ ಬಂದ ಅಂತಿಮ ವರದಿ ಇನ್ನೂ ಹಿಂದಕ್ಕೆ, ಡ್ರಾಯಿಂಗ್ ಬೋರ್ಡ್‌ವರೆಗೆ ಹೋಯಿತು. ಹಡಗುಗಳ ಸುರಕ್ಷತೆಗೆ ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ. ಅದರ ಪ್ರಕಾರ ಹಡಗು ಅಕ್ಕಪಕ್ಕಕ್ಕೆ 22.5 ಡಿಗ್ರಿ ಹೊಯ್ದಾಡಿದರೂ, ಅದೇ ಹೊತ್ತಿಗೆ ಹಿಂದೆಮುಂದೆ 7.5 ಡಿಗ್ರಿ ತೂಗಿದರೂ ಮುಖ್ಯ ಯಂತ್ರಗಳು ಓಡುತ್ತಲೇ ಇರಬೇಕು. ವೈಕಿಂಗ್ ಸ್ಕೈನ ಸಂಪ್‌ಗಳ ವಿನ್ಯಾಸವೇ ಈ ನಿಯಮಕ್ಕೆ ತಕ್ಕಂತೆ ಇರಲಿಲ್ಲ ಎಂದು ವರದಿ ಹೇಳಿತು. ಅಂದರೆ ಆಯಿಲ್ ಪೂರ್ತಿ ಇದ್ದಿದ್ದರೂ ಆ ಟ್ಯಾಂಕ್‌ಗೆ ಇರಬೇಕಾದ ತಾಳಿಕೆ ಇರಲಿಲ್ಲ. ಕಡಿಮೆ ಆಯಿಲ್ ಆ ಕೊರತೆಯನ್ನು ಇನ್ನಷ್ಟು ಜಾಸ್ತಿ ಮಾಡಿತು.

ಇದು ಹೇಗೆ ತಪ್ಪಿಹೋಗುತ್ತದೆ ಎಂದು ಯೋಚಿಸಿದರೆ ಅಷ್ಟೇನೂ ಆಶ್ಚರ್ಯವಿಲ್ಲ. ಎಂಜಿನ್ ಮಾಡುವವರು ಎಂಜಿನ್ ಕೊಡುತ್ತಾರೆ, ಟ್ಯಾಂಕ್ ಹೇಗಿರಬೇಕು ಎಂದು ಒಂದು ಪುಸ್ತಕ ಕೊಡುತ್ತಾರೆ. ಸಂಪ್ ಟ್ಯಾಂಕ್ ಹಡಗಿನ ತಳದ ಕಬ್ಬಿಣದ ಕೆಲಸದ ಭಾಗ, ಅದನ್ನು ಕಟ್ಟುವುದು ಯಾರ್ಡ್. ಡ್ರಾಯಿಂಗ್‌ಗೆ ಮುದ್ರೆ ಒತ್ತುವುದು ಕ್ಲಾಸ್. ಓಡಿಸುವುದು ಮ್ಯಾನೇಜ್‌ಮೆಂಟ್ ಕಂಪನಿ. ಎಂಜಿನ್‌ಗೆ ಒಡೆಯನಿದ್ದಾನೆ, ಟ್ಯಾಂಕ್‌ಗೂ ಒಡೆಯನಿದ್ದಾನೆ. ಅವೆರಡರ ನಡುವಿನ ಆ ಸಕ್ಷನ್ ಪೈಪಿನ ಬಾಯಿ ಎಷ್ಟು ಆಳದಲ್ಲಿ ಮುಳುಗಿರುತ್ತದೆ ಎನ್ನುವುದಕ್ಕೆ ಒಡೆಯ ಯಾರು? ಆಸ್ತಿ ನಿರ್ವಹಣೆ ಅಂದರೆ ಯಂತ್ರಗಳ ಪಟ್ಟಿ, ಸೀರಿಯಲ್ ನಂಬರ್, ಓಡಿದ ಗಂಟೆ, ಮುಂದಿನ ಸರ್ವಿಸ್ ಎಂದುಕೊಂಡವರಿಗೆ ಈ ಬಾಯಿ ಕಾಣಿಸುವುದೇ ಇಲ್ಲ. ಅದು ಪಟ್ಟಿಯ ಯಾವ ಸಾಲಿನಲ್ಲೂ ಇಲ್ಲ.

ಈಗ ಆ ಬೆಳಗ್ಗೆಗೆ ಬರೋಣ. ಕಂಟ್ರೋಲ್ ರೂಮಿನ ಅಲಾರಂ ಲಾಗ್ ತೆಗೆದು ನೋಡಿದಾಗ ಮೊದಲ ವಾರದಲ್ಲಿ ಕಂಡಿದ್ದಕ್ಕಿಂತ ಬೇರೆಯೇ ಚಿತ್ರ ಸಿಕ್ಕಿತು. ಬೆಳಗ್ಗೆ 5ರಿಂದ 9 ಗಂಟೆ 4 ನಿಮಿಷದ ನಡುವೆ ಲೂಬ್ ಆಯಿಲ್ ಮಟ್ಟ ಕಡಿಮೆ ಎಂದು 18 ಅಲಾರಂ ಬಂದಿದ್ದವು. ಪ್ರತಿಯೊಂದನ್ನೂ ಒಪ್ಪಿಕೊಂಡಿದ್ದಾರೆ, ಪ್ರತಿಯೊಂದೂ ಕೆಲವೇ ಸೆಕೆಂಡಿನಲ್ಲಿ ತಾನಾಗಿಯೇ ಸರಿಹೋಗಿದೆ. ಹಡಗು ಒಂದು ಕಡೆ ವಾಲುತ್ತದೆ, ಸೆನ್ಸರ್ ಬಳಿ ಆಯಿಲ್ ಇಳಿಯುತ್ತದೆ, ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ, ಬಜರ್ ಕೂಗುತ್ತದೆ. ಯಾರೋ ಬಟನ್ ಒತ್ತುತ್ತಾರೆ. ಅಷ್ಟರಲ್ಲಿ ಹಡಗು ಇನ್ನೊಂದು ಕಡೆ ವಾಲಿರುತ್ತದೆ, ಸಾಲು ಮಾಯ. ಎಂಜಿನ್ ರೂಮಿನಲ್ಲಿ ಒಂದು ವಾಚ್, ಅಂದರೆ ಒಂದು ಪಾಳಿ, ನಿಂತವರಿಗೂ ಗೊತ್ತು, ಕೆಟ್ಟ ಹವೆಯಲ್ಲಿ ಟ್ಯಾಂಕ್ ಅಲಾರಂಗಳು ಹೀಗೇ ಕೂಗುತ್ತಿರುತ್ತವೆ. ತಳದಲ್ಲಿ ಕೊಳಕು ನೀರು ಸೇರುವ ಬಿಲ್ಜ್ ಕೂಗುತ್ತದೆ, ಎಂಜಿನ್ ತಂಪು ಮಾಡುವ ನೀರಿನ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಕೂಗುತ್ತದೆ. ಎಲ್ಲವನ್ನೂ ‘ಹೊಯ್ದಾಟದಿಂದ’ ಅಂತ ಒಂದೇ ಚೀಲಕ್ಕೆ ಹಾಕುವುದು ಅಭ್ಯಾಸ.

ಆದರೆ ಲೂಬ್ ಆಯಿಲ್ ಅಲಾರಂ ಹೊಯ್ದಾಟದಿಂದ ಬಂದಿತು ಎನ್ನುವುದೇ ಅದರ ಅರ್ಥ ಅಲ್ವಾ? ಹೊಯ್ದಾಡಿದಾಗ ಸೆನ್ಸರ್ ಬಯಲಾಗುತ್ತಿದೆ ಎಂದರೆ, ಇನ್ನೂ ಜೋರಾಗಿ ಹೊಯ್ದಾಡಿದಾಗ ಸಕ್ಷನ್ ಬಯಲಾಗುತ್ತದೆ. ಹಡಗು ಇನ್ನೂ ಕೆಟ್ಟ ನೀರಿನ ಕಡೆಗೇ ಹೋಗುತ್ತಿತ್ತು. ಕೊನೆಯ ಆ ಅಲಾರಂ ಬಂದಾಗ ಬ್ಲ್ಯಾಕೌಟ್‌ಗೆ, ಅಂದರೆ ಕರೆಂಟ್ ಪೂರ್ತಿ ಹೋಗುವುದಕ್ಕೆ, ಇನ್ನೂ ಸುಮಾರು ಐದು ಗಂಟೆ ಇತ್ತು. ಬೇಕಾಗಿದ್ದ ಆಯಿಲ್ ಹಡಗಿನ ಸ್ಟೋರೇಜ್ ಟ್ಯಾಂಕಿನಲ್ಲೇ ಇತ್ತು. ವಾಲ್ವ್ ತೆರೆದು ಪಂಪ್ ಮಾಡಿ ಸಂಪ್‌ಗೆ ತುಂಬುವುದು ದಿನನಿತ್ಯದ ಕೆಲಸ, ಅದಕ್ಕೆ ಬಂದರೂ ಬೇಡ, ಬಿಡಿಭಾಗವೂ ಬೇಡ. ಈ ಐದು ಗಂಟೆಯ ಬಗ್ಗೆ ಓದುವಾಗ ಕೈ ಹಿಸುಕಿಕೊಳ್ಳುವ ಹಾಗಾಗುತ್ತದೆ.

ಮುಂದಿನದು ಬೇಗ ಆಯಿತು. 1:37ಕ್ಕೆ ಡಿಜಿ 4ರಲ್ಲಿ ಆಯಿಲ್ ಒತ್ತಡ ಕಡಿಮೆ ಎಂಬ ಅಲಾರಂ. 1:45ಕ್ಕೆ ಅದು ನಿಂತಿತು. ಸುಮಾರು ಎಂಟು ಸೆಕೆಂಡಿಗೆ ಡಿಜಿ 2 ಕೂಡ ನಿಂತಿತು. ಉಳಿದದ್ದು ಡಿಜಿ 1 ಒಂದೇ. 1:56ಕ್ಕೆ ಡಿಜಿ 2ನ್ನು ಮತ್ತೆ ಎಬ್ಬಿಸಿದರು. ಎರಡು ನಿಮಿಷ ಕೂಡ ಆಗಿರಲಿಲ್ಲ, ಎರಡೂ ಬಿದ್ದವು. ಮೊದಲ ಹತ್ತು ಸೆಕೆಂಡಿನಲ್ಲಿ ಕಂಟ್ರೋಲ್ ರೂಮಿನಲ್ಲಿ ಸುಮಾರು ಒಂದು ಸಾವಿರ ಅಲಾರಂ ಬಂದವು. ಸಾವಿರ ಸಾಲಿನಲ್ಲಿ ಮೂಲ ಕಾರಣದ ಒಂದು ಸಾಲನ್ನು ಹುಡುಕಬೇಕು. ಅದೂ ನೆಲ ನಿಲ್ಲದೆ ತೂಗಾಡುತ್ತಿರುವಾಗ, ದಡ ಹತ್ತಿರ ಬರುತ್ತಿರುವಾಗ.

ಡಿಜಿ 3 ಎಲ್ಲಿ ಹೋಯಿತು ಅಂತ ಕೇಳಬಹುದು. ಅದು ದೊಡ್ಡ ಎರಡರಲ್ಲಿ ಒಂದು. ಅದರ ಟರ್ಬೋಚಾರ್ಜರ್ (ಎಂಜಿನ್‌ಗೆ ಒತ್ತಡದಲ್ಲಿ ಗಾಳಿ ನೂಕುವ ಭಾಗ) ವಾರದ ಹಿಂದೆ ಕೆಟ್ಟು, ಬಿಚ್ಚಿ ಇಟ್ಟಿದ್ದರು. ಮೂರು ಎಂಜಿನ್ ಸಾಕು ಎಂಬ ಲೆಕ್ಕದಲ್ಲಿ ಹಡಗು ಟ್ರಾಮ್ಸೊ ಬಿಟ್ಟಿತು. ನಡುವೆ ಬೋಡೋದಲ್ಲಿ ನಿಲ್ಲಬೇಕಿತ್ತು, ಹವೆ ಕೆಟ್ಟಿದ್ದರಿಂದ ಅದನ್ನು ಬಿಟ್ಟು ನೇರ ಸ್ಟಾವಂಗರ್ ಕಡೆ ಹೊರಟಿತ್ತು.

ತನಿಖಾ ವರದಿಯಲ್ಲಿ ಅತ್ಯಂತ ಖಡಕ್ ಮಾತು ಇದರ ಬಗ್ಗೆಯೇ ಇದೆ. 2010ರ ಜುಲೈ ನಂತರ ಕಟ್ಟಲು ಶುರು ಮಾಡಿದ ದೊಡ್ಡ ಪ್ರಯಾಣಿಕರ ಹಡಗುಗಳಿಗೆ ಒಂದು ನಿಯಮವಿದೆ: ಬೆಂಕಿ ಬಿದ್ದು ಅಥವಾ ನೀರು ನುಗ್ಗಿ ಒಂದು ಭಾಗ ಹೋದರೂ ಹಡಗು ತನ್ನ ಶಕ್ತಿಯಿಂದಲೇ ಬಂದರಿಗೆ ಮರಳುವಂತಿರಬೇಕು. ಅದಕ್ಕಾಗಿಯೇ ಎಂಜಿನ್‌ಗಳನ್ನು ಎರಡು ಬೇರೆ ಕೋಣೆಗಳಲ್ಲಿ ಹಂಚಿ ಇಡುವುದು. ದೊಡ್ಡ ಜನರೇಟರ್ ಒಂದು ಇಲ್ಲದಿದ್ದಾಗ ಈ ಹಡಗು ಆ ನಿಯಮಕ್ಕೆ ತಕ್ಕಂತೆ ಇರಲಿಲ್ಲ, ಆದ್ದರಿಂದ ಟ್ರಾಮ್ಸೊದಿಂದ ಹೊರಡಲೇಬಾರದಿತ್ತು ಎಂದಿತು ವರದಿ.

ನನಗೆ ಇದು ಆಯಿಲ್ ವಿಷಯಕ್ಕಿಂತ ದೊಡ್ಡದು ಅನ್ನಿಸುತ್ತದೆ. ಕೆಟ್ಟ ಟರ್ಬೋಚಾರ್ಜರ್ ಹಡಗಿನ ಪದ್ಧತಿಯಲ್ಲಿ ಒಂದು ರಿಪೇರಿ ಕೆಲಸವಾಗಿ ನಮೂದಾಗುತ್ತದೆ. ಭಾಗ ತರಿಸಬೇಕು, ತಂತ್ರಜ್ಞ ಬರಬೇಕು, ಇಂಥ ಬಂದರಿನಲ್ಲಿ ಮುಗಿಸಬೇಕು. ಅದನ್ನು ನೋಡುವುದು ಚೀಫ್ ಎಂಜಿನಿಯರ್ ಮತ್ತು ದಡದಲ್ಲಿರುವ ಸೂಪರಿಂಟೆಂಡೆಂಟ್. ಹವಾಮಾನ ನೋಡುವುದು ಬ್ರಿಜ್, ಅಂದರೆ ಕ್ಯಾಪ್ಟನ್ ನಿಂತು ಹಡಗು ನಡೆಸುವ ಕೋಣೆ. ಈ ಎರಡು ಕಾಗದಗಳು ಒಂದೇ ಮೇಜಿನ ಮೇಲೆ ಬರುವುದು ಕಡಿಮೆ. ಮೂರು ಎಂಜಿನ್‌ನಲ್ಲಿ ಶಾಂತ ಸಮುದ್ರದಲ್ಲಿ ಸ್ಟಾವಂಗರ್‌ಗೆ ಹೋಗಬಹುದಿತ್ತು. ಬಿರುಗಾಳಿಯಲ್ಲಿ, ಬಂಡೆಗಳ ಪಕ್ಕದಲ್ಲಿ ಹೋಗುವುದು ಬೇರೆ ತೀರ್ಮಾನ. ಆ ತೀರ್ಮಾನವನ್ನು ಯಾರೋ ಕೂತು ಯೋಚಿಸಿ ತೆಗೆದುಕೊಂಡಿದ್ದರೆ ಅದು ಬೇರೆ ಮಾತು. ಇಲ್ಲಿ ಒಂದು ಎಂಜಿನ್ ಇಲ್ಲದೆ ಹೋಗುವ ಅಪಾಯವನ್ನು ಸರಿಯಾಗಿ ತೂಗಿ ನೋಡಿರಲಿಲ್ಲ. ಸುಮ್ನೆ ಹೊರಟಿತು.

ಬ್ಲ್ಯಾಕೌಟ್‌ನಿಂದ ಎರಡೂ ಪ್ರೊಪಲ್ಷನ್ ಮೋಟರ್ ಓಡಿ, ಹಡಗು ನಿಧಾನಕ್ಕಾದರೂ ಮುಂದೆ ಹೋಗುವಷ್ಟು ಶಕ್ತಿ ಬರಲು 39 ನಿಮಿಷ ಬೇಕಾಯಿತು. ಅಷ್ಟು ಹೊತ್ತಿನಲ್ಲಿ ಹಡಗು ನೆಲಕ್ಕೆ ತಾಗಲು ಒಂದು ಹಡಗಿನಷ್ಟು ಉದ್ದ ಮಾತ್ರ ಉಳಿದಿತ್ತು. ಒಳಗೆ ಕುರ್ಚಿ ಮೇಜುಗಳು ಲೌಂಜಿನ ಈ ಕೊನೆಯಿಂದ ಆ ಕೊನೆಗೆ ಜಾರುತ್ತಿದ್ದವು, ಚಾವಣಿಯ ಹಲಗೆಗಳು ಜನರ ತಲೆ ಮೇಲೆ ಬಿದ್ದವು, ಜನ ಸೇರಿದ್ದ ಕಡೆ ಸಮುದ್ರದ ನೀರು ನುಗ್ಗಿತು. ಬಹುಪಾಲು ವಯಸ್ಸಾದವರು. ಲೈಫ್‌ಬೋಟ್ ಇಳಿಸುವ ಸ್ಥಿತಿ ಇರಲಿಲ್ಲ. ಹೆಲಿಕಾಪ್ಟರ್‌ಗಳು ಒಬ್ಬೊಬ್ಬರನ್ನೇ ಹಗ್ಗದಲ್ಲಿ ಎತ್ತಿ 479 ಜನರನ್ನು ದಡ ಸೇರಿಸಿದವು. ಈ ನಡುವೆ ಹತ್ತಿರದಲ್ಲೇ ‘ಹಾಗ್ಲಾಂಡ್ ಕ್ಯಾಪ್ಟನ್’ ಎಂಬ ಸರಕು ಹಡಗಿನ ಎಂಜಿನ್ ಕೂಡ ಕೈಕೊಟ್ಟಿತು. ಅದರ ಒಂಬತ್ತು ಜನರನ್ನು ಉಳಿಸಲು ಹೆಲಿಕಾಪ್ಟರ್‌ಗಳು ಆ ಕಡೆ ಓಡಬೇಕಾಯಿತು. ಮಾರನೇ ದಿನ ವೈಕಿಂಗ್ ಸ್ಕೈ ತನ್ನದೇ ಎಂಜಿನ್‌ನಲ್ಲಿ, ಟಗ್‌ಗಳ ಜೊತೆ, ಮೊಲ್ಡೆ ಬಂದರು ಸೇರಿತು. ಯಾರೂ ಸಾಯಲಿಲ್ಲ, ಹಲವರಿಗೆ ಗಾಯಗಳಾದವು.

39 ನಿಮಿಷ ಯಾಕೆ ಬೇಕಾಯಿತು? ಎಲ್ಲಾ ಎಂಜಿನ್ ಒಟ್ಟಿಗೆ ನಿಂತು, ನಿಂತ ಕಾರಣವೂ ಎಲ್ಲಕ್ಕೂ ಒಂದೇ ಆಗಿರುವ ಸ್ಥಿತಿಯನ್ನು ಎಂಜಿನಿಯರ್‌ಗಳು ಅಭ್ಯಾಸ ಮಾಡಿರಲಿಲ್ಲ. ಸಾಮಾನ್ಯವಾಗಿ ಬ್ಲ್ಯಾಕೌಟ್ ಡ್ರಿಲ್ ಅಂದರೆ ಬಂದರಿನಲ್ಲಿ ಒಂದು ಬ್ರೇಕರ್ ತೆಗೆಯುವುದು, ಸ್ಟ್ಯಾಂಡ್‌ಬೈ ಜನರೇಟರ್ ಎದ್ದು ಲೋಡ್ ತೆಗೆದುಕೊಳ್ಳುವುದನ್ನು ನೋಡುವುದು, ಟಿಕ್ ಹಾಕುವುದು. ಸ್ಟ್ಯಾಂಡ್‌ಬೈಯೇ ಇಲ್ಲದಾಗ, ನಿಂತ ಎಂಜಿನ್ ಯಾಕೆ ನಿಂತಿತು ಎಂದು ಕಂಡುಹಿಡಿದು, ಆಯಿಲ್ ತುಂಬಿ, ಟ್ರಿಪ್ ರೀಸೆಟ್ ಮಾಡಿ, ಒಂದೊಂದೇ ಎಬ್ಬಿಸುವುದು ಬೇರೆಯೇ ವಿದ್ಯೆ.

ಇಂಥದ್ದು ಮೊದಲ ಸಲವೂ ಅಲ್ಲ. 2015ರ ಅಕ್ಟೋಬರ್ 1ರಂದು ‘ಎಲ್ ಫಾರೋ’ ಎಂಬ ಅಮೆರಿಕದ ಸರಕು ಹಡಗು ಬಹಾಮಾಸ್ ಬಳಿ ಚಂಡಮಾರುತದಲ್ಲಿ ಮುಳುಗಿ 33 ಜನರೂ ಸತ್ತರು. ಅಲ್ಲಿ ಟರ್ಬೈನ್ ಎಂಜಿನ್. ಲೂಬ್ ಆಯಿಲ್ ಸಕ್ಷನ್ ಬಾಯಿ ಮಧ್ಯದಿಂದ ಬಲಗಡೆಗೆ ಇತ್ತು, ಹಡಗು ಎಡಕ್ಕೆ ವಾಲಿತು, ಆಯಿಲ್ ಬಾಯಿಯಿಂದ ದೂರ ಹೋಯಿತು, ಎಂಜಿನ್ ಸತ್ತಿತು. ಅಲ್ಲೂ ಸಂಪ್‌ನಲ್ಲಿ ಆಯಿಲ್ ಹೇಳಿದ್ದಕ್ಕಿಂತ ಕಡಿಮೆ ಇತ್ತು. ಅದರ ತನಿಖಾ ವರದಿ 2017ರ ಡಿಸೆಂಬರಿನಲ್ಲಿ ಪ್ರಕಟವಾಗಿತ್ತು, ವೈಕಿಂಗ್ ಸ್ಕೈ ಘಟನೆಗೆ ಒಂದೂಕಾಲು ವರ್ಷ ಮುಂಚೆ. ಒಂದು ಹಳೇ ಉಗಿ ಹಡಗು, ಒಂದು ಹೊಸ ಕ್ರೂಸ್ ಹಡಗು ಎಂದು ಬೇರೆ ಮಾಡಿ ನೋಡಿದರೆ ಎರಡಕ್ಕೂ ಸಂಬಂಧವಿಲ್ಲ. ಸಕ್ಷನ್ ಬಾಯಿಯ ಕಡೆಯಿಂದ ನೋಡಿದರೆ ಎರಡೂ ಒಂದೇ.

ನಿರ್ವಹಣೆಯ ಕಡೆಯಿಂದ ಏನು ಬದಲಾಗಬೇಕು? ಹಡಗಿನ ಪ್ಲಾನ್ಡ್ ಮೇಂಟೆನೆನ್ಸ್ ಸಾಫ್ಟ್‌ವೇರಿನಲ್ಲಿ ಕೆಲಸಗಳು ಗಂಟೆಯ ಲೆಕ್ಕದಲ್ಲಿ ಬರುತ್ತವೆ. ಇಷ್ಟು ಗಂಟೆಗೆ ಇಂಜೆಕ್ಟರ್, ಇಷ್ಟು ಗಂಟೆಗೆ ಪಿಸ್ಟನ್. ಸಂಪ್ ಮಟ್ಟ ಅದರಲ್ಲಿ ಬರುವುದಿಲ್ಲ, ಅದು ದಿನದ ರೌಂಡಿನಲ್ಲಿ ಬರೆಯುವ ಒಂದು ಅಂಕಿ. ಅಂಕಿಯ ಪಕ್ಕದಲ್ಲಿ ತಯಾರಕರ ಮಿತಿ ಅಚ್ಚಾಗಿಲ್ಲದಿದ್ದರೆ 35 ಒಳ್ಳೆಯದೋ ಕೆಟ್ಟದ್ದೋ ಬರೆಯುವವನಿಗೆ ತಿಳಿಯುವುದಿಲ್ಲ. ಮೊದಲ ಕೆಲಸ, ಆ ಮಿತಿಯನ್ನು ರೌಂಡ್ ಶೀಟಿಗೂ ಅಲಾರಂ ಸೆಟ್ಟಿಂಗ್‌ಗೂ ತರುವುದು. ಖರ್ಚೇ ಇಲ್ಲದ ಕೆಲಸ. ಎರಡನೆಯದು, ಹವೆ ಕೆಡುವ ಮುನ್ಸೂಚನೆ ಬಂದಾಗ ಡೆಕ್‌ನವರು ಸಾಮಾನು ಕಟ್ಟುವ ಹಾಗೆ ಎಂಜಿನ್ ರೂಮಿನವರು ಸಂಪ್‌ಗಳನ್ನು ಮೇಲಿನ ಮಿತಿಗೆ ತುಂಬಿಸಿಕೊಳ್ಳುವುದು. ನಾರ್ವೆಯ ಪ್ರಾಧಿಕಾರ ಆ ನಾಲ್ಕನೇ ದಿನದ ಎಚ್ಚರಿಕೆಯಲ್ಲೇ ಎಲ್ಲಾ ಕಂಪನಿಗಳಿಗೂ ಇದನ್ನೇ ಹೇಳಿತು: ಸಮುದ್ರ ಕೆಡುವ ಮುಂಚೆ ಆಯಿಲ್ ಪೂರೈಕೆ ತಪ್ಪದಂತೆ ಏರ್ಪಾಡು ಮಾಡಿಕೊಳ್ಳಿ ಎಂದು.

ಕಡಿಮೆ ಆಯಿಲ್ ಇಡುವುದಕ್ಕೂ ಕಾರಣಗಳು ಸಿಗುತ್ತವೆ, ಅದನ್ನೂ ಹೇಳಬೇಕು. ಆಯಿಲ್ ದುಬಾರಿ. ಸಂಪ್ ತುಂಬಿದ್ದಾಗ ಡೀಸೆಲ್ ಬೆರೆತು ಹಾಳಾದರೆ ಅಷ್ಟನ್ನೂ ಚೆಲ್ಲಬೇಕು. ಜಾಸ್ತಿ ತುಂಬಿದರೂ ನೊರೆ, ಉಕ್ಕುವುದು ಎಂದು ಬೇರೆ ತಾಪತ್ರಯ. ಹಾಗಾಗಿ ‘ಫುಲ್ ಮಾಡಿಬಿಡಿ’ ಎನ್ನುವುದೂ ಉತ್ತರವಲ್ಲ. ಕೆಳಗೆ ಎಷ್ಟು, ಮೇಲೆ ಎಷ್ಟು ಎಂಬುದನ್ನು ತಯಾರಕರ ಪುಸ್ತಕ ಹೇಳಬೇಕು, ಆ ಹಡಗಿನ ಟ್ಯಾಂಕಿನ ಆಕಾರಕ್ಕೆ ಅದು ಹೊಂದುತ್ತದೆಯೇ ಎಂದು ಯಾರಾದರೂ ಒಬ್ಬರು ಲೆಕ್ಕ ಹಾಕಿ ಸಹಿ ಮಾಡಿರಬೇಕು.

ಅಲಾರಂ ಲಾಗ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಬಂದ ಅಲಾರಂ ಅನ್ನು ಒಪ್ಪಿಕೊಳ್ಳುವುದು ವಾಚ್‌ನವನ ಕೆಲಸ, ಸರಿ. ಅದೇ ಅಲಾರಂ ಒಂದು ವಾಚ್‌ನಲ್ಲಿ ಮೂರನೇ ಸಲ ಬಂದರೆ ಅದು ಸೆಕೆಂಡ್ ಎಂಜಿನಿಯರ್‌ಗೆ ತಿಳಿಯಬೇಕು, ಉತ್ತರ ಬರಹದಲ್ಲಿ ಇರಬೇಕು. ‘ರೋಲಿಂಗ್’ ಎಂಬ ಒಂದು ಪದವನ್ನು ಉತ್ತರ ಅಂತ ಒಪ್ಪಬಾರದು. ವಾಚ್ ಬದಲಾಗುವಾಗ ಬಾಯಿಮಾತಿನಲ್ಲಿ ಹೇಳಿ ಹೋಗುವುದೂ ಸಾಲದು. ಬೆಳಗಿನ ವಾಚ್‌ನವರ ಅಲಾರಂ ಮಧ್ಯಾಹ್ನದವರಿಗೆ ಗೊತ್ತಾಗುವುದು ಕಾಗದದ ಮೇಲಿದ್ದಾಗಲೇ.

ವಿನ್ಯಾಸದ ತೊಂದರೆ ಮಾತ್ರ ಹಡಗಿನವರ ಕೈಯಲ್ಲಿಲ್ಲ. ಎಂಜಿನ್ ಕೆಳಗಿನ ಟ್ಯಾಂಕ್ ಬದಲಿಸುವುದು ಆಟದ ಮಾತಲ್ಲ. ಕಟ್ಟುವ ಹಂತದಲ್ಲಿ 22.5 ಡಿಗ್ರಿ ವಾಲಿಸಿ ನೋಡಲು ಆಗುವುದಿಲ್ಲ, ಲೆಕ್ಕದಲ್ಲೇ ತೋರಿಸಬೇಕು. ಆ ಲೆಕ್ಕವನ್ನು ಯಾರ್ಡ್ ಮಾಡಿದೆಯೇ, ಕ್ಲಾಸ್ ನೋಡಿದೆಯೇ ಎಂದು ಹಡಗು ಕೊಳ್ಳುವವರು ಕೇಳಬಹುದು. ಈಗಾಗಲೇ ಓಡುತ್ತಿರುವ ಹಡಗುಗಳ ಸೂಪರಿಂಟೆಂಡೆಂಟ್‌ಗಳೂ ಕೇಳಬಹುದು: ನಮ್ಮ ಸಂಪ್‌ಗಳಿಗೆ ಅಂಥ ಲೆಕ್ಕದ ಕಾಗದ ಇದೆಯೇ, ಇದ್ದರೆ ಯಾವ ಆಯಿಲ್ ಮಟ್ಟಕ್ಕೆ ಹಾಕಿದ್ದು? ಕಡಿಮೆ ಮಟ್ಟಕ್ಕೆ ಹಾಕಿದ ಲೆಕ್ಕ ಸಿಗದಿದ್ದರೆ, ಸಿಗುವವರೆಗೆ ಆ ಹಡಗು ಮೇಲಿನ ಮಿತಿಯ ಹತ್ತಿರವೇ ಆಯಿಲ್ ಇಟ್ಟುಕೊಂಡು ಓಡಲಿ.